ಉಬ್ಬರ ಬಾರದ ಗುಂಡಿ: ಮನೆಯೊಳಗೆ ಉಪ್ಪುನೀರಿನ ತೊಟ್ಟಿ ಇಡುವ ಮೊದಲು

ಹುಣ್ಣಿಮೆಯೋ ಅಮಾವಾಸ್ಯೆಯೋ ಕಳೆದ ಮರುದಿನ, ಇಳಿತದ ಹೊತ್ತಿಗೆ ಕಾಪು ದೀಪಸ್ತಂಭದ ಕೆಳಗಿನ ಬಂಡೆಗಳಿಗೆ ಹೋಗಿ. ಸುರತ್ಕಲ್ ಆದರೂ ಸರಿ, ಕುಮಟಾದ ವನ್ನಳ್ಳಿ ಆದರೂ ಸರಿ. ನೀರು ದೂರ ಸರಿದಿರುತ್ತದೆ. ಬಂಡೆಯ ತಗ್ಗುಗಳಲ್ಲಿ ಮಾತ್ರ ಒಂದೆರಡು ಬಕೆಟ್ ನೀರು ನಿಂತಿರುತ್ತದೆ. ಮೊದಲು ನೋಡಿದಾಗ ಅಲ್ಲಿ ಏನೂ ಕಾಣುವುದಿಲ್ಲ. ನೆರಳು ಬೀಳದ ಹಾಗೆ ಎರಡು ನಿಮಿಷ ಸುಮ್ನೆ ಕೂತರೆ ಒಂದು ಶಂಖ ಎದ್ದು ನಡೆಯತೊಡಗುತ್ತದೆ. ಒಳಗಿರುವುದು ಸನ್ಯಾಸಿ ಏಡಿ. ಕಲ್ಲಿನದೇ ಬಣ್ಣದ ಗೋಬಿ ಮೀನೊಂದು ಚಂಗನೆ ಜಾಗ ಬದಲಿಸುತ್ತದೆ. ಗಾಜಿನ ಹಾಗೆ ಕಾಣುವ ಸಣ್ಣ ಸಿಗಡಿ ಮೀಸೆ ಆಡಿಸುತ್ತದೆ.

ಇದನ್ನು ಮನೆಗೆ ತರಬೇಕು ಎಂದು ನನಗೂ ಅನಿಸಿದ್ದು ಇಂಥ ಗುಂಡಿಯ ಮುಂದೆಯೇ. ತಂದೆ, ಸೋತೆ, ಆಮೇಲೆ ನಿಧಾನಕ್ಕೆ ಕಲಿತೆ. ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಆ ಗುಂಡಿ ಕೆಲವು ಗಂಟೆಗಳ ಮಟ್ಟಿಗೆ ಒಂದು ಅಕ್ವೇರಿಯಂ. ಬಿಸಿಲಿಗೆ ಅದರ ನೀರು ಕಾಯುತ್ತದೆ. ಆವಿಯಾಗಿ ಉಪ್ಪು ಏರುತ್ತದೆ. ಮಳೆ ಬಿದ್ದರೆ ಸಪ್ಪೆಯಾಗುತ್ತದೆ. ಒಳಗಿನ ಜೀವಿಗಳು ಉಸಿರಾಡಿ ಆಮ್ಲಜನಕ ಇಳಿಸುತ್ತವೆ, ಹೇಲು ಉಚ್ಚೆ ಎಲ್ಲ ಅಲ್ಲೇ. ಸುಮಾರು ಆರು ಗಂಟೆಯಲ್ಲಿ ಉಬ್ಬರ ಏರಿ ಬಂದು ಎಲ್ಲವನ್ನೂ ತೊಳೆದು ಹೊಸದು ಮಾಡುತ್ತದೆ. ನಮ್ಮ ಮನೆಯ ಗಾಜಿನ ತೊಟ್ಟಿಗೆ ಉಬ್ಬರ ಬರುವುದೇ ಇಲ್ಲ. ಅಂಗಡಿಯಲ್ಲಿ ಮಾರುವ ಪಂಪು, ಫಿಲ್ಟರು, ಸ್ಕಿಮ್ಮರು ಎಲ್ಲ ಉಬ್ಬರದ ಒಂದೊಂದು ಕೆಲಸಕ್ಕೆ ಇಟ್ಟುಕೊಂಡ ಆಳುಗಳು. ಇಷ್ಟು ಅರ್ಥವಾದರೆ ಯಾವುದು ಬೇಕು, ಯಾವುದು ಬೇಡ ಎನ್ನುವುದು ತಾನಾಗಿ ತಿಳಿಯುತ್ತದೆ. ಯಾವ ಜೀವಿ ತರಬೇಕು ಎನ್ನುವುದೂ ತಿಳಿಯುತ್ತದೆ. ಹವಳದ ದಿಬ್ಬದ ಮೀನಿಗೆ ಏರುಪೇರು ಗೊತ್ತೇ ಇಲ್ಲ. ಬಂಡೆಗುಂಡಿಯ ಜೀವಿಗೆ ಅದು ದಿನಕ್ಕೆ ಎರಡು ಸಲದ ಪಾಡು.

ಮೊದಲು ನೀರಿನ ವಿಷಯ. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು. ಇದನ್ನು ಅಳೆಯಲು ರಿಫ್ರ್ಯಾಕ್ಟೋಮೀಟರ್ ಎಂಬ ಸಣ್ಣ ದುರ್ಬೀನಿನಂಥ ಸಾಧನ ಸಿಗುತ್ತದೆ. ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದು ನೋಡುವುದು, ಅಷ್ಟೇ. ಬೇರೆ ಯಾವುದರಲ್ಲಿ ಕಂಜೂಸಿ ಮಾಡಿದರೂ ಇದರಲ್ಲಿ ಮಾಡಬೇಡಿ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಗೋಕರ್ಣದ ಪಕ್ಕದಲ್ಲೇ ಸಾಣಿಕಟ್ಟಾ ಉಪ್ಪಿನ ಆಗರ ಇದೆ, ಅದೇ ಉಪ್ಪನ್ನು ನೀರಿಗೆ ಹಾಕಿದರೆ ಕಡಲ ನೀರು ಆಗುವುದಿಲ್ವಾ? ಆಗುವುದಿಲ್ಲ. ಕಾರಣ ಆಗರದಲ್ಲೇ ಇದೆ. ಕಡಲ ನೀರಿನ ಲವಣಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಶೇ. 85ರಷ್ಟು. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಬಿಸಿಲಿಗೆ ನೀರು ಆರುತ್ತಾ ಹೋದಂತೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಮ್ ತಳಕ್ಕೆ ಕೂರುತ್ತವೆ. ನಂತರ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಇರುತ್ತದೆ, ಆ ನೀರನ್ನು ಹೊರಗೆ ಬಿಡುತ್ತಾರೆ. ಅಂದರೆ ಒಳ್ಳೆಯ ಅಡುಗೆ ಉಪ್ಪು ಮಾಡುವುದು ಎಂದರೆ ಕಡಲಿನ ಉಳಿದ ಲವಣಗಳನ್ನು ಬೇರ್ಪಡಿಸುವುದು. ಆ ಉಳಿದವೇ ಏಡಿಯ ಕವಚಕ್ಕೆ, ಬಸವನಹುಳುವಿನ ಚಿಪ್ಪಿಗೆ ಬೇಕು.

ಹಾಗಾಗಿ ದಾರಿ ಎರಡು. ಬೆಂಗಳೂರು, ಹುಬ್ಬಳ್ಳಿ ಕಡೆಯವರು ಕಡಲ ಅಕ್ವೇರಿಯಂಗೆಂದೇ ಮಾಡಿದ ಉಪ್ಪಿನ ಪುಡಿಯನ್ನು ಆರ್‌ಓ ನೀರಿಗೆ ಬೆರೆಸಬೇಕು. ಲೀಟರಿಗೆ 35ರಿಂದ 38 ಗ್ರಾಂ ಹಿಡಿಯುತ್ತದೆ. ಬರಿಯ ‘ಅಕ್ವೇರಿಯಂ ಸಾಲ್ಟ್’ ಎಂದು ಮಾರುವುದು ಸಿಹಿನೀರಿನ ಮೀನಿಗೆ ಮದ್ದಾಗಿ ಬಳಸುವ ಸಾದಾ ಉಪ್ಪು. ಹೆಸರು ನೋಡಿ ಮೋಸ ಹೋಗಬೇಡಿ.

ಕರಾವಳಿಯವರಿಗೆ ಕಡಲೇ ಇದೆ. ಆದರೂ ಕಂಡ ಕಂಡಲ್ಲಿ ಕೊಡಪಾನ ಮುಳುಗಿಸುವಂತಿಲ್ಲ. ನದಿ ಅಳಿವೆಯಿಂದ ದೂರ ಇರಬೇಕು. ಬಂದರಿನ ಹತ್ತಿರ ಬೇಡ, ಅಲ್ಲಿ ನೀರಿನ ಮೇಲೆ ಡೀಸೆಲ್ ತೇಲುತ್ತದೆ. ಉಬ್ಬರ ತುಂಬುತ್ತಾ ಬರುವ ಹೊತ್ತು ಒಳ್ಳೆಯದು, ಆಗ ಹೊರಗಡಲ ನೀರು ದಡಕ್ಕೆ ಬಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಎಲ್ಲ ಕೆಂಪು ನೀರು ಹೊತ್ತು ತರುವ ಕಾಲ ಅದು. ದಡದ ನೀರಿನ ಉಪ್ಪು ಎಷ್ಟೋ ಇಳಿದಿರುತ್ತದೆ. ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಆಹಾರಕ್ಕೆ ಬಳಸುವಂಥ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿ, ಕತ್ತಲಲ್ಲಿ ಎರಡು ವಾರ ಇಡಿ. ಕಣ್ಣಿಗೆ ಕಾಣದ ತೇಲುಜೀವಿಗಳು ಸತ್ತು, ಕೊಳೆತು, ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಬಳಸಬಹುದು.

ಇನ್ನು ನಾನು ಮಾಡಿದ ಎಡವಟ್ಟು. ಮೊದಲ ಬೇಸಗೆಯಲ್ಲಿ ತೊಟ್ಟಿಯ ನೀರು ಇಳಿಯುತ್ತಿತ್ತು. ಇಳಿದಷ್ಟಕ್ಕೂ ಡ್ರಮ್ಮಿನ ಕಡಲ ನೀರನ್ನೇ ಸುರಿದೆ. ಉಪ್ಪುನೀರಿನ ತೊಟ್ಟಿಗೆ ಉಪ್ಪುನೀರು, ಸರಿಯಾಗಿಯೇ ಇದೆ ಅಲ್ವಾ? ಲೆಕ್ಕ ಹಾಕಿ ನೋಡಿ. 100 ಲೀಟರ್ ನೀರಿನಲ್ಲಿ 3.5 ಕಿಲೋ ಉಪ್ಪು. ವಾರಕ್ಕೆ 10 ಲೀಟರ್ ಆವಿಯಾಯಿತು ಎನ್ನಿ. ಹೋದದ್ದು ಬರೀ ನೀರು, ಉಪ್ಪು ಒಳಗೇ ಇದೆ. ಆ ಜಾಗಕ್ಕೆ 10 ಲೀಟರ್ ಕಡಲ ನೀರು ಹಾಕಿದರೆ ಇನ್ನೂ 350 ಗ್ರಾಂ ಉಪ್ಪು ಸೇರಿತು. ನಾಲ್ಕು ವಾರ ಹೀಗೇ ಮಾಡಿದರೆ ಲೀಟರಿಗೆ 49 ಗ್ರಾಂ. ನನ್ನ ಸಿಗಡಿಗಳು ಮೂರನೇ ವಾರಕ್ಕೇ ಹೋದವು. ಏಡಿಗಳು ಶಂಖ ಬಿಟ್ಟು ಹೊರಗೆ ಬಿದ್ದಿದ್ದವು. ಆವಿಯಾದದ್ದಕ್ಕೆ ಸಿಹಿನೀರು ಮಾತ್ರ. ಗಾಜಿನ ಮೇಲೆ ಒಂದು ಗೆರೆ ಎಳೆದು, ದಿನಾ ಆ ಗೆರೆಯವರೆಗೆ ಆರ್‌ಓ ನೀರು ಹಾಕಿ. ಕಡಲ ನೀರು ಬೇಕಾಗುವುದು ನೀರು ಬದಲಿಸುವಾಗ. ಎರಡು ವಾರಕ್ಕೊಮ್ಮೆ ಶೇ. 10ರಿಂದ 15ರಷ್ಟು ಹಳೆ ನೀರು ತೆಗೆದು ಹೊಸದು ಹಾಕುವುದು. ನಮ್ಮ ತೊಟ್ಟಿಗೆ ಬರುವ ಉಬ್ಬರ ಅಷ್ಟೇ.

ನೀರು ತುಂಬಿಸಿದ ದಿನವೇ ಜೀವಿ ಬಿಡುವುದು ಎರಡನೇ ದೊಡ್ಡ ತಪ್ಪು. ಇದನ್ನು ಅರ್ಥ ಮಾಡಿಕೊಳ್ಳಲು ಮೊಸರಿನ ಪಾತ್ರೆಯನ್ನು ನೆನೆಸಿಕೊಂಡರೆ ಸಾಕು. ಮೀನು, ಏಡಿ ಹೊರಹಾಕುವ ಕಸದಿಂದ, ಉಳಿದ ಆಹಾರ ಕೊಳೆತದ್ದರಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ನೀರು ಬದಲಿಸಿದಾಗ ಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇಲ್ಲ. ಹೆಪ್ಪು ಹಾಕಬೇಕು. ನಡೆಯುತ್ತಿರುವ ಇನ್ನೊಬ್ಬರ ತೊಟ್ಟಿಯಿಂದ ಒಂದು ಹಿಡಿ ಮರಳೋ, ಫಿಲ್ಟರಿನ ಸ್ಪಂಜೋ ಸಿಕ್ಕರೆ ಅದೇ ಹೆಪ್ಪು. ಹಾಲಿನ ಬದಲು ಒಂದು ತುಂಡು ಸಿಗಡಿ ಹಾಕಿ ಕೊಳೆಯಲು ಬಿಡಿ, ಅಮೋನಿಯಾ ಅದರಿಂದ ಬರುತ್ತದೆ.

ಹೋಲಿಕೆ ಒಂದು ಕಡೆ ಮುರಿಯುತ್ತದೆ. ಮೊಸರಿನ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಕೆಲಸ ಮುಗಿಸುತ್ತವೆ. ಇವು ಮಹಾ ಸೋಮಾರಿಗಳು. ಒಂದು ಎರಡಾಗಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಬೇಕು. ಅದಕ್ಕೇ ನಾಲ್ಕರಿಂದ ಆರು ವಾರ ಕಾಯಬೇಕು. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆ ತೋರಿಸಿದ ಮೇಲೆ ಮೊದಲ ಜೀವಿ. ಸಿಹಿನೀರಿನ ಮೀನು ಸಾಕಿದವರು ಇಲ್ಲಿ ಆತುರಪಡುವುದು ಜಾಸ್ತಿ. ಕಡಲ ನೀರಿನ ಪಿಎಚ್ 8.2ರ ಹತ್ತಿರ. ಪಿಎಚ್ 7ರ ಸಿಹಿನೀರಿನಲ್ಲಿ ಇರುವುದಕ್ಕಿಂತ ಇಲ್ಲಿ ಅಮೋನಿಯಾದ ವಿಷರೂಪ ಹೆಚ್ಚುಕಡಿಮೆ ಹತ್ತು ಪಟ್ಟು. ಅಲ್ಲಿ ನಡೆದ ಅಲಕ್ಷ್ಯ ಇಲ್ಲಿ ನಡೆಯುವುದಿಲ್ಲ.

ಈ ಬ್ಯಾಕ್ಟೀರಿಯಾಗಳಿಗೆ ಮನೆ ಬೇಕು, ಅಂದರೆ ಸಣ್ಣ ರಂಧ್ರಗಳ ಕಲ್ಲು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬ ಹವ್ಯಾಸಿ ತನ್ನ ಊರಿನ ಕಡಲಿನಿಂದ ಜೀವ ತುಂಬಿದ ಹವಳದ ಕಲ್ಲುಗಳನ್ನು ತಂದು, ಬರೀ ಗಾಳಿಗುಳ್ಳೆ ಬಿಟ್ಟು ತೊಟ್ಟಿ ನಡೆಸುವ ಬಗೆಯನ್ನು ಬರೆದು ತಿಳಿಸಿದರು. ಜಗತ್ತಿನ ಹವ್ಯಾಸಿಗಳು ಈಗಲೂ ಆ ದಾರಿಯಲ್ಲೇ ಇದ್ದಾರೆ. ಆದರೆ ನಮ್ಮಲ್ಲಿ ಕಡಲಿನಿಂದ ಹವಳ ತೆಗೆಯುವುದು ಅಪರಾಧ, ಸತ್ತ ಹವಳದ ತುಂಡೂ ಸೇರಿ. ಮನೆ ಕಟ್ಟುವ ಚಿರೆಕಲ್ಲು ಹಾಕೋಣ ಎಂದರೆ ಅದರಲ್ಲಿ ಕಬ್ಬಿಣ ತುಂಬಿದೆ, ನೀರೆಲ್ಲ ಪಾಚಿಯಾಗುತ್ತದೆ. ಊಟ ಮಾಡಿ ಎಸೆದ ಕಲ್ವ, ಬಳಚಿನ ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ತಿಕ್ಕಿ, ಒಣಗಿಸಿ ರಾಶಿ ಹಾಕಿದರೆ ಸಾಕಾಗುತ್ತದೆ. ಅಂಗಡಿಯ ಒಣ ಕಲ್ಲಿಗಿಂತ ಅಗ್ಗ.

ಉಬ್ಬರದ ಇನ್ನೊಂದು ಕೆಲಸ ನೀರನ್ನು ಅಲುಗಾಡಿಸುವುದು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ. 20ರಷ್ಟು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಬಿಸಿಯಾದಷ್ಟೂ ಇನ್ನೂ ಕಡಿಮೆ. 1846ರಲ್ಲಿ ಇಂಗ್ಲೆಂಡಿನ ಅನ್ನಾ ಥಿನ್ ಎಂಬಾಕೆ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದು ಸಾಕಿದಳು. ಪಂಪು ಇರಲಿಲ್ಲ. ಕಿಟಕಿಯ ಬಳಿ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಕೆಲಸ ಮನೆಯ ಆಳಿನದು. ಚಹಾ ಆರಿಸಿದ ಹಾಗೆ! ಈಗ ಆ ಕೆಲಸಕ್ಕೆ ವೇವ್‌ಮೇಕರ್ ಇದೆ. ಗಂಟೆಗೆ ತೊಟ್ಟಿಯ ನೀರಿನ ಹತ್ತಿಪ್ಪತ್ತು ಪಟ್ಟು ತಿರುಗಿಸುವಂಥದ್ದು ತೆಗೆದುಕೊಳ್ಳಿ. ಪ್ರೋಟೀನ್ ಸ್ಕಿಮ್ಮರ್ ಎಂದರೆ ಮಳೆಗಾಲದಲ್ಲಿ ದಂಡೆಗೆ ಬಂದು ಬೀಳುವ ನೊರೆಯ ಸಣ್ಣ ರೂಪ. ಗುಳ್ಳೆಗೆ ಅಂಟಿಕೊಂಡ ಕೊಳೆ ನೊರೆಯಾಗಿ ಮೇಲೆ ಬಂದು ಅದರ ಬಟ್ಟಲಿನಲ್ಲಿ ತುಂಬುತ್ತದೆ. ನಾಲ್ಕಾರು ಏಡಿ, ಒಂದು ಮೀನು ಇರುವ ತೊಟ್ಟಿಗೆ ಅದು ಇಲ್ಲದಿದ್ದರೂ ನಡೆಯುತ್ತದೆ.

ಚಿಲ್ಲರ್ ಬಗ್ಗೆ ಒಂದು ಮಾತು. ಹವಳ ಸಾಕುವವರಿಗೆ 24ರಿಂದ 27 ಡಿಗ್ರಿ ಬೇಕು, ಅದಕ್ಕೆ ನೀರು ತಣಿಸುವ ಈ ದುಬಾರಿ ಯಂತ್ರ. ನಮ್ಮ ದಂಡೆಯ ಜೀವಿಗಳು 28, 30 ಡಿಗ್ರಿಯ ನೀರಿನಲ್ಲೇ ಬೆಳೆದವು. ಮಂಗಳೂರಿನ ಮನೆಯಲ್ಲಿ ಅವಕ್ಕೆ ಚಿಲ್ಲರ್ ಬೇಡ, ಮೇಲೊಂದು ಸಣ್ಣ ಫ್ಯಾನ್ ಸಾಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಬದಲಾಗಿ ಹೀಟರ್ ಬೇಕಾಗುತ್ತದೆ. ಕರೆಂಟು ಹೋದರೆ? ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಗೆ ಮರ ಬಿದ್ದು ಇಡೀ ದಿನ ಕರೆಂಟು ಇಲ್ಲದ್ದು ಮಾಮೂಲು. ಬ್ಯಾಟರಿಯ ಗಾಳಿ ಪಂಪು ಒಂದನ್ನು ಇಟ್ಟುಕೊಳ್ಳದೆ ಈ ಹವ್ಯಾಸಕ್ಕೆ ಕೈ ಹಾಕಬೇಡಿ.

ತೊಟ್ಟಿ ದೊಡ್ಡದಿದ್ದಷ್ಟೂ ತಪ್ಪು ನಿಧಾನ, ತಿದ್ದಿಕೊಳ್ಳಲು ಸಮಯ ಜಾಸ್ತಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಸುಮಾರು 190 ಲೀಟರ್. ನೀರಿನ ತೂಕವೇ 195 ಕಿಲೋ. ಟೀವಿ ಸ್ಟ್ಯಾಂಡಿನ ಮೇಲೆ ಇಡುವ ವಸ್ತುವಲ್ಲ.

ಮನೆಯವರಿಗೆ ಎರಡು ವಿಷಯ ಹೇಳಿಡಿ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಈ ನೀರನ್ನು ಮುಟ್ಟುವಂತಿಲ್ಲ. ನಮಗೆ ಒಳ್ಳೆಯದು ಎನ್ನುವ ತಾಮ್ರ ಏಡಿ, ಸಿಗಡಿ, ಬಸವನಹುಳುಗಳಿಗೆ ವಿಷ. ಎರಡನೆಯದು ಸೊಳ್ಳೆ ಬತ್ತಿ, ಸ್ಪ್ರೇ. ಅದರಲ್ಲಿನ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮನುಷ್ಯರಿಗೆ ಅಷ್ಟೇನೂ ಮಾಡದಿರಬಹುದು, ಸಿಗಡಿ ಮತ್ತು ಮೀನುಗಳನ್ನು ಕೊಲ್ಲುತ್ತದೆ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತದೆ ಎನ್ನುವುದು ನೆನಪಿರಲಿ.

ಈಗ ದಂಡೆಗೆ ಹೋಗೋಣ. ಮೊದಲು ಏನನ್ನು ಮುಟ್ಟಬಾರದು ಎಂದು ತಿಳಿದಿರಬೇಕು. ಎಲ್ಲ ಗಟ್ಟಿ ಹವಳ, ಬೀಸಣಿಗೆಯಂಥ ಸೀ ಫ್ಯಾನ್, ಕಡಲ ಕುದುರೆ, ಕಡಲ ಸೌತೆ ಇವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಲಾಯಿತು. ಕೆಲವು ದೊಡ್ಡ ಶಂಖ, ಚಿಪ್ಪುಗಳೂ ಆ ಪಟ್ಟಿಯಲ್ಲಿವೆ. ಬಲೆಗೆ ತಾನಾಗಿ ಬಿತ್ತು, ದಂಡೆಯಲ್ಲಿ ಬಿದ್ದಿತ್ತು ಎನ್ನುವುದು ನೆಪವಾಗುವುದಿಲ್ಲ. ಮುರುಡೇಶ್ವರದ ಆಚೆಯ ನೇತ್ರಾಣಿಯಂಥ ಹವಳದ ಜಾಗದಲ್ಲಿ ನೀರಿಗಿಳಿದು ನೋಡಿ ಬನ್ನಿ, ಏನನ್ನೂ ತರಬೇಡಿ. ಅನುಮಾನ ಇದ್ದರೆ ಹತ್ತಿರದ ಅರಣ್ಯ ಅಥವಾ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿ.

ಕಾನೂನು ಬಿಡದ ಜೀವಿಗಳ ಜೊತೆ ನಮ್ಮನ್ನೇ ಬಿಡದ ಜೀವಿಗಳೂ ಇವೆ. ಚೂಪು ಕೋನಿನ ಆಕಾರದ ಚೆಂದದ ಶಂಖ ಕಂಡರೆ ಕೈ ಹಾಕಬೇಡಿ. ಕೋನ್ ಶಂಖದ ಹುಳು ವಿಷದ ಬಾಣ ಹೊಡೆಯುತ್ತದೆ, ಕೆಲವು ಜಾತಿಯದಕ್ಕೆ ಮನುಷ್ಯರು ಸತ್ತಿದ್ದಾರೆ. ಬಂಡೆಗೆ ಅಂಗಿಯ ಗುಂಡಿಗಳ ಚಾಪೆ ಹಾಸಿದ ಹಾಗೆ ಕಾಣುವ ಜೊಯಾಂತಿಡ್ ಎಂಬ ಮೆತ್ತನೆಯ ಜೀವಿಗಳನ್ನು ಕೀಳಬೇಡಿ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಭಾರೀ ವಿಷ ಇದೆ. ಮನೆಯಲ್ಲಿ ಅಂಥ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ಆವಿ ಕುಡಿದು ಆಸ್ಪತ್ರೆ ಸೇರಿದವರು ಬೇರೆ ದೇಶಗಳಲ್ಲಿ ಇದ್ದಾರೆ. ಕಾಲಿಗೆ ಗಟ್ಟಿ ಚಪ್ಪಲಿ ಇರಲಿ. ಕೈಯಲ್ಲಿ ಗಾಯ ಇದ್ದರೆ ನೀರಿಗೆ ಹಾಕಬೇಡಿ. ಕಡಲಿಗೆ ಬೆನ್ನು ಹಾಕಿ ಕೂರಬೇಡಿ. ಇದನ್ನು ಕರಾವಳಿಯವರಿಗೆ ಹೇಳಬೇಕಿಲ್ಲ, ಘಟ್ಟದ ಮೇಲಿನವರಿಗೆ ಹೇಳುತ್ತಿದ್ದೇನೆ.

ಉಳಿದದ್ದೇನು? ಸಾಕಷ್ಟಿದೆ. ಐದಾರು ಸನ್ಯಾಸಿ ಏಡಿ, ಎಂಟು ಹತ್ತು ಪಾಚಿ ತಿನ್ನುವ ಬಸವನಹುಳು, ಎರಡು ಮೂರು ಸಿಗಡಿ, ಒಂದು ಗೋಬಿ. 190 ಲೀಟರಿನ ತೊಟ್ಟಿಗೆ ಮೊದಲ ಆರು ತಿಂಗಳಿಗೆ ಇಷ್ಟೇ. ಹಳದಿ ಮೈಮೇಲೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೀನಿನ ಮರಿ ಗುಂಡಿಗಳಲ್ಲಿ ಸಿಗುತ್ತದೆ, ಮುದ್ದಾಗಿರುತ್ತದೆ. ಅದು ಗೇಣುದ್ದ ಬೆಳೆದು ಉಳಿದವರನ್ನೆಲ್ಲ ಓಡಿಸುತ್ತದೆ. ಆಕ್ಟೋಪಸ್ ಆಸೆ ಬೇಡ, ಮುಚ್ಚಳ ಎತ್ತಿ ಹೊರಡುತ್ತದೆ. ಕ್ಲೌನ್ ಮೀನೇ ಬೇಕು ಎನ್ನುವ ಮಕ್ಕಳಿದ್ದರೆ ತೊಟ್ಟಿಯಲ್ಲೇ ಮರಿ ಮಾಡಿಸಿದ್ದನ್ನು ಕೇಳಿ ಕೊಳ್ಳಿ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಕಡಲಿನಿಂದ ಹಿಡಿಯುವ ಅಗತ್ಯವೇ ಇಲ್ಲ.

ಹಿಡಿಯುವ ಬಗೆ ಸರಳ. ಅಂಗೈ ಅಗಲದ ಬಲೆ, ಒಂದು ಮುಚ್ಚಳದ ಡಬ್ಬಿ. ಸ್ಕ್ರೂಡ್ರೈವರ್ ಹಿಡಿದು ಬಂಡೆ ಕೀಳುವುದು ಬೇಡ. ಕಲ್ಲು ಮಗುಚಿ ನೋಡಿದರೆ ಅದನ್ನು ಇದ್ದ ಹಾಗೇ ವಾಪಸ್ ಇಡಿ. ಮೇಲಿನ ಬದಿ ಬಿಸಿಲಿನದು, ಕೆಳಗಿನ ಬದಿ ನೆರಳಿನದು. ಮಗುಚಿಯೇ ಬಿಟ್ಟರೆ ಎರಡೂ ಬದಿಯವು ಸಾಯುತ್ತವೆ. ಖಾಲಿ ಶಂಖಗಳನ್ನು ಚೀಲ ತುಂಬ ಹೆಕ್ಕಬೇಡಿ, ಬೆಳೆಯುವ ಸನ್ಯಾಸಿ ಏಡಿಗೆ ಅದೇ ಮುಂದಿನ ಮನೆ. ಏಡಿಗಳನ್ನು ನೀರಿಲ್ಲದೆ ಒದ್ದೆ ಪಾಚಿಯಲ್ಲಿ ಸುತ್ತಿ ತಂಪು ಡಬ್ಬಿಯಲ್ಲಿ ತಂದರೆ ಚೆನ್ನಾಗಿ ಬರುತ್ತವೆ. ಬಕೆಟ್ ನೀರಿನಲ್ಲಿ ಒಟ್ಟಿಗೆ ತುಂಬಿದರೆ ದಾರಿಯಲ್ಲೇ ಉಸಿರು ಕಟ್ಟುತ್ತದೆ.

ನನಗೆ ಇಷ್ಟವಾದ ಇನ್ನೊಂದು ದಾರಿ ಬೆಳಿಗ್ಗೆ ಕೈರಂಪಣಿ ಬಲೆ ಎಳೆಯುವ ಕಡೆ ಹೋಗಿ ನಿಲ್ಲುವುದು. ಬಲೆ ಎಳೆಯಲು ಒಂದು ಕೈ ಕೊಟ್ಟರೆ ಇನ್ನೂ ಒಳ್ಳೆಯದು. ಮಾರಾಟಕ್ಕಾಗದ ಪುಟ್ಟ ಏಡಿ, ಮೀನು ಹೇಗೂ ಮರಳಿನ ಮೇಲೆ ಸಾಯುತ್ತವೆ. “ಅಣ್ಣಾ, ಇದು ತಗೊಳ್ಳಲಾ?” ಎಂದು ಕೇಳಿದಾಗ ಹಿರಿಯರೊಬ್ಬರು ನಕ್ಕಿದ್ದರು. “ತಿನ್ನುಕೆ ಬರ್ದಿದ್ದು ತಕೊಂಡು ಎಂತ ಮಾಡ್ತೀಯ ಮಾರಾಯ?” ಈಗ ಅವರೇ ಒಂದು ಡಬ್ಬಿಯಲ್ಲಿ ಎತ್ತಿಡುತ್ತಾರೆ.

ಯಾಕಿಷ್ಟು ಲೆಕ್ಕಾಚಾರ, ಕಡಲಲ್ಲಿ ಕೋಟಿಗಟ್ಟಲೆ ಏಡಿ ಇಲ್ವಾ ಎನ್ನುವವರಿಗೆ ಇಂಗ್ಲೆಂಡಿನ ಕಥೆ ಇದೆ. 1850ರ ದಶಕದಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಜೀವವಿಜ್ಞಾನಿ ದಂಡೆಯ ಗುಂಡಿಗಳ ಬಗ್ಗೆ, ಮನೆ ತೊಟ್ಟಿಯ ಬಗ್ಗೆ ಬರೆದ. ಅಕ್ವೇರಿಯಂ ಎಂಬ ಪದ ಈ ಅರ್ಥದಲ್ಲಿ ಮನೆಮಾತಾದದ್ದು ಅವನಿಂದ. ಓದಿದ ಜನ ರೈಲು ಹತ್ತಿ ದಂಡೆಗೆ ಬಂದರು, ಸುತ್ತಿಗೆ, ಉಳಿ, ಜಾಡಿ ಹಿಡಿದು. ಕೆಲವೇ ದಶಕಗಳಲ್ಲಿ ಅವನು ವರ್ಣಿಸಿದ ಗುಂಡಿಗಳೇ ಬರಿದಾದವು. ಇದನ್ನು ಆಮೇಲೆ ನೊಂದು ಬರೆದವನು ಅವನ ಮಗ ಎಡ್ಮಂಡ್.

ಸಾಕಿ ಬೇಜಾರಾದರೆ ವಾಪಸ್ ಕಡಲಿಗೆ ಬಿಡಬಹುದಾ? ಅಂಗಡಿಯ ಯಾವ ಜೀವಿಯೂ, ಯಾವ ಪಾಚಿಯೂ ನಿಮ್ಮ ತೊಟ್ಟಿ ಸೇರಿಲ್ಲದಿದ್ದರೆ, ಹಿಡಿದ ಜಾಗಕ್ಕೇ ಬಿಡಬಹುದು. ಒಂದಾದರೂ ಸೇರಿದ್ದರೆ ಬೇಡವೇ ಬೇಡ. ಅಕ್ವೇರಿಯಂನಲ್ಲಿ ಬೆಳೆಸುತ್ತಿದ್ದ ಕಾಲರ್ಪ ಎಂಬ ಹಸಿರು ಪಾಚಿ 1984ರಲ್ಲಿ ಮೊನಾಕೊ ಬಳಿ ಮೆಡಿಟರೇನಿಯನ್ ಕಡಲಲ್ಲಿ ಕಾಣಿಸಿಕೊಂಡಿತು. ಆಮೇಲೆ ಸಾವಿರಾರು ಹೆಕ್ಟೇರ್ ತಳವನ್ನು ಹೊದ್ದುಕೊಂಡಿತು. ಬಳಸಿದ ನೀರನ್ನೂ ಕಡಲಿಗೆ ಸುರಿಯಬೇಡಿ, ಬಚ್ಚಲಿಗೆ ಬಿಡಿ. ತೆಂಗಿನ ಬುಡಕ್ಕೆ ಅಷ್ಟಿಷ್ಟು ಹಾಕಿದರೆ ತೆಂಗು ತಡೆಯುತ್ತದೆ, ಮಲ್ಲಿಗೆ ಗಿಡ ತಡೆಯುವುದಿಲ್ಲ. ಅದನ್ನೂ ನಾನು ಪ್ರಯೋಗ ಮಾಡಿಯೇ ತಿಳಿದದ್ದು.

ಮೇ ಕೊನೆಯ ವಾರ ನನಗೆ ಪ್ರತಿ ವರ್ಷ ಒಂದೇ ಕೆಲಸ. ಮಳೆ ಹಿಡಿಯುವ ಮೊದಲು, ಉಬ್ಬರ ತುಂಬಿ ಬರುವ ಒಂದು ಬೆಳಿಗ್ಗೆ ಗೆಳೆಯನ ಗೂಡ್ಸ್ ಆಟೋದಲ್ಲಿ ಡ್ರಮ್ಮುಗಳನ್ನು ಹೇರಿಕೊಂಡು ಹೋಗಿ ತುಂಬಿಸಿ ತರುವುದು. ನಾಲ್ಕು ತಿಂಗಳಿಗೆ ಮೂರು ಡ್ರಮ್ಮು ಬೇಕು. ಅವು ಮೆಟ್ಟಿಲ ಕೆಳಗೆ ಕೂರುತ್ತವೆ. ಅಲ್ಲಿದ್ದ ಉಪ್ಪಿನಕಾಯಿ ಭರಣಿಗಳು ಎಲ್ಲಿಗೆ ಹೋಗಬೇಕು ಎನ್ನುವ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.